ಓವನ್‌ನಲ್ಲಿ ಬಂಗುಡೆ: ಒಣಗದ ಹಾಗೆ ಬೇಯಿಸುವುದು ಹೇಗೆ

ಓವನ್‌ನಲ್ಲಿ ಮಾಡಿದ ಮೀನು ಒಣಗಿ ಹೋಗುತ್ತದೆ ಅಂತ ನಮ್ಮ ಕುಂದಾಪುರದ ಕಡೆ ಎಷ್ಟೋ ಜನ ಹೇಳುತ್ತಾರೆ. ನಮಗೆ ಮೀನು ಅಂದರೆ ಒಂದೋ ಸಾರು, ಇಲ್ಲ ಕಾವಲಿ ಮೇಲೆ ಹುರಿದದ್ದು. ಆದರೆ ಒಣಗುವುದು ಓವನ್‌ನಿಂದ ಅಲ್ಲ, ಜಾಸ್ತಿ ಹೊತ್ತು ಇಡುವುದರಿಂದ. ಕೋಳಿಯ ಲೆಕ್ಕದಲ್ಲಿ ಬಂಗುಡೆಯನ್ನೂ ಮುಕ್ಕಾಲು ಗಂಟೆ ಒಳಗೆ ಬಿಟ್ಟರೆ ಅದರ ನೀರು, ಎಣ್ಣೆ ಎಲ್ಲ ಟ್ರೇಗೆ ಇಳಿದು ಬರೀ ನಾರು ಉಳಿಯುತ್ತದೆ. ಮಧ್ಯಮ ಗಾತ್ರದ ಬಂಗುಡೆಗೆ 15ರಿಂದ 18 ನಿಮಿಷ ಸಾಕು. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಮೀನು. ಇಬ್ಬರಿಂದ ಮೂವರಿಗೆ ನಾಲ್ಕು ಬಂಗುಡೆ, ಸುಮಾರು 600 ಗ್ರಾಂ. ಕಣ್ಣು ಉಬ್ಬಿಕೊಂಡು ಹೊಳೆಯುತ್ತಿರಬೇಕು, ಕಿವಿರು ಎತ್ತಿ ನೋಡಿದರೆ ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಕುಳಿ ಬೀಳದೆ ಮಾಂಸ ಮೇಲೆ ಬರಬೇಕು. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ಅಂಗಡಿಯವರು ಏನೇ ಹೇಳಲಿ, ತರಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ಆ ಎರಡು ತಿಂಗಳು ಇನ್ನೂ ಹುಷಾರಾಗಿ ನೋಡಿ ತರಬೇಕು. ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಂಗುಡೆ, ಬೂತಾಯಿ (ಸಾರ್ಡೀನ್) ಥರದ ಮೀನನ್ನು ಐಸ್ ಇಲ್ಲದೆ ಹೊರಗೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸುವುದು, ತಲೆನೋವು ಬರುವುದು ಎಷ್ಟೋ ಸಲ ಇದರಿಂದಲೇ. ಮಾರ್ಕೆಟ್‌ನಿಂದ ಬಂದ ತಕ್ಷಣ ಫ್ರಿಜ್‌ಗೆ ಇಡಿ, ಆಮೇಲೆ ಬೇರೆ ಕೆಲಸ.

ಅಂಗಡಿಯಲ್ಲೇ ಕ್ಲೀನ್ ಮಾಡಿಸಿಕೊಂಡು ಬಂದರೂ ಮನೆಯಲ್ಲಿ ಒಂದು ಸಲ ಹೊಟ್ಟೆಯೊಳಗೆ ಬೆರಳು ಹಾಕಿ ನೋಡಿ. ಬೆನ್ನೆಲುಬಿಗೆ ಅಂಟಿಕೊಂಡು ಕಪ್ಪು ಕೆಂಪಿನ ರಕ್ತದ ಗೆರೆ ಇರುತ್ತದೆ. ಉಗುರಲ್ಲಿ ಕೆರೆದು ತೆಗೆಯಿರಿ, ಹಸಿ ವಾಸನೆಗೆ, ಕಹಿಗೆ ಅದೂ ಒಂದು ಕಾರಣ. ತೊಳೆದ ಮೇಲೆ ಎರಡೂ ಬದಿಗೆ ಮೂರು ಮೂರು ಸೀಳು ಹಾಕಿ, ಮೂಳೆಗೆ ತಾಗುವಷ್ಟು ಆಳಕ್ಕೆ. ಆಮೇಲೆ ಹಳೆಯ ಹತ್ತಿ ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒಳಗೂ ಹೊರಗೂ ಚೆನ್ನಾಗಿ ಒರೆಸಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮೈಮೇಲೆ ನೀರಿದ್ದರೆ ಮಸಾಲೆ ಜಾರಿ ಟ್ರೇಗೆ ಬೀಳುತ್ತದೆ, ಮೇಲಿನ ಚರ್ಮ ಸುಡುವ ಬದಲು ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ.

ಮಸಾಲೆ ಸುಲಭ. ಎಂಟು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ. ಅದಕ್ಕೆ ಆರು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಎಂಟು ಹತ್ತು ಕಾಳುಮೆಣಸು, ಕಾಲು ಚಮಚ ಅರಿಶಿನ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಂದು ಚಮಚ ಉಪ್ಪು. ನೀರು ಎಷ್ಟು ಕಡಿಮೆ ಆಗುತ್ತೋ ಅಷ್ಟು ಕಡಿಮೆ ಹಾಕಿ ನುಣ್ಣಗೆ ಅರೆಯಿರಿ, ಚಟ್ನಿಗಿಂತ ಗಟ್ಟಿ ಇರಬೇಕು. ಬ್ಯಾಡಗಿಯೇ ಯಾಕೆ ಅಂದರೆ ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಧಾರಾಳವಾಗಿ ಹಚ್ಚಬಹುದು. ಕೊನೆಗೆ ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಬೆರೆಸಿ. ಓವನ್ನಿನ ಒಣ ಬಿಸಿಯಲ್ಲಿ ಎಣ್ಣೆ ಇಲ್ಲದ ಮಸಾಲೆ ಬೇಗ ಕರಿಯಾಗಿ ಕಹಿ ಬರುತ್ತದೆ.

ಮಸಾಲೆಯನ್ನು ಸೀಳುಗಳ ಒಳಗೆ, ಹೊಟ್ಟೆಯೊಳಗೆ ಒತ್ತಿ ತುಂಬಿ, ಮೈಗೆಲ್ಲ ಹಚ್ಚಿ ಫ್ರಿಜ್‌ನಲ್ಲಿಡಿ. ಎಷ್ಟು ಹೊತ್ತು? ಅರ್ಧ ಗಂಟೆ, ಅಷ್ಟೇ. ರಾತ್ರಿಯೆಲ್ಲ ಇಟ್ಟರೆ ರುಚಿ ಇನ್ನೂ ಹಿಡಿಯುತ್ತೆ ಅಂತ ನಾನೂ ಒಂದು ಸಲ ನಿಂಬೆಹಣ್ಣು ಹಿಂಡಿ ಮರುದಿನದವರೆಗೆ ಇಟ್ಟಿದ್ದೆ. ಮಾಂಸ ಹಿಟ್ಟು ಹಿಟ್ಟಾಗಿತ್ತು, ಬಾಯಿಗಿಟ್ಟರೆ ಪುಡಿಯಾಗುತ್ತಿತ್ತು. ಹುಳಿ ತಾಗಿದ ಮೀನು ಬೆಂಕಿ ಕಾಣುವ ಮೊದಲೇ ಅರ್ಧ ಬೆಂದ ಹಾಗೆ ಆಗುತ್ತದೆ, ಅದನ್ನು ಮತ್ತೆ ಬೇಯಿಸಿದರೆ ಉಳಿಯುವುದೇನು ಹೇಳಿ.

ಈ ಅರ್ಧ ಗಂಟೆಯಲ್ಲಿ ಆಲೂಗಡ್ಡೆ ಮುಗಿಸಿಕೊಳ್ಳಬಹುದು. ಓವನ್ನನ್ನು 200 ಡಿಗ್ರಿಗೆ ಇಟ್ಟು ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 10 ನಿಮಿಷ ಕಾಯಿಸಿ. ಎರಡು ಆಲೂಗಡ್ಡೆಯನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಕತ್ತರಿಸಿ, ಒಂದು ದೊಡ್ಡ ಈರುಳ್ಳಿಯನ್ನು ದಪ್ಪಗೆ ಹೆಚ್ಚಿ, ಉಪ್ಪು, ಎಣ್ಣೆ, ಸ್ವಲ್ಪ ಮಸಾಲೆ ಸವರಿ ಟ್ರೇಯಲ್ಲಿ ಹರಡಿ. ಮೀನಿಗಿಂತ 20 ನಿಮಿಷ ಮೊದಲೇ ಇದು ಒಳಗೆ ಹೋಗಬೇಕು. ಎರಡನ್ನೂ ಒಟ್ಟಿಗೆ ಇಟ್ಟರೆ ಆಲೂಗಡ್ಡೆ ಬೇಯುವಷ್ಟರಲ್ಲಿ ಮೀನು ಕೆಟ್ಟಿರುತ್ತದೆ.

ಆಲೂಗಡ್ಡೆಗೆ ಚಾಕು ಸಲೀಸಾಗಿ ಇಳಿಯುವಂತಾದಾಗ ಟ್ರೇ ಹೊರಗೆ ತೆಗೆದು, ಅದರ ಮೇಲೆ ಮೀನನ್ನು ಒಂದಕ್ಕೊಂದು ತಾಗದ ಹಾಗೆ ಇಟ್ಟು ಮತ್ತೆ ಮಧ್ಯದ ರ‍್ಯಾಕ್‌ಗೆ ಸೇರಿಸಿ. ಕೆಳಗಿನ ಬಿಲ್ಲೆಗಳು ಮೀನಿನಿಂದ ಇಳಿದ ಎಣ್ಣೆ, ಮಸಾಲೆ ಎಲ್ಲ ಕುಡಿಯುತ್ತವೆ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದು ಅದೇ. ಮೀನನ್ನು ತಿರುಗಿಸಿ ಹಾಕುವ ಅಗತ್ಯ ಇಲ್ಲ, ಸುಮ್ನೆ ಚರ್ಮ ಕಿತ್ತು ಬರುತ್ತದೆ.

12ನೇ ನಿಮಿಷದಿಂದ ನೋಡಲು ಶುರು ಮಾಡಿ. ನಿಮ್ಮ ಓವನ್ ನನ್ನದಕ್ಕಿಂತ ಬಿಸಿ ಇರಬಹುದು, ಮೇಜಿನ ಮೇಲಿಡುವ ಚಿಕ್ಕ ಓವನ್‌ಗಳಲ್ಲಿ (ಓಟಿಜಿ) ರಾಡ್ ಹತ್ತಿರ ಇರುವುದರಿಂದ ಮೇಲ್ಭಾಗ ಬೇಗ ಕೆಂಪಾಗುತ್ತದೆ. ಹಾಗಾಗಿ ಬಣ್ಣ ನೋಡಿ ಮೋಸ ಹೋಗಬೇಡಿ. ತಲೆಯ ಹಿಂದೆ, ಎಲ್ಲಕ್ಕಿಂತ ದಪ್ಪ ಇರುವ ಕಡೆ ಮುಳ್ಳುಚಮಚ ತೂರಿಸಿ ಸ್ವಲ್ಪ ತಿರುಗಿಸಿ. ಒಳಗೆ ಗಾಜಿನ ಹಾಗೆ ಪಾರದರ್ಶಕವಾಗಿ, ಜಿಗುಟಾಗಿ ಕಂಡರೆ ಇನ್ನೂ ಎರಡು ನಿಮಿಷ. ಮಾಂಸ ಬೆಳ್ಳಗೆ ಮಾಸಲಾಗಿ, ಪದರ ಪದರವಾಗಿ ಬಿಟ್ಟುಕೊಂಡು, ಮುಳ್ಳಿನಿಂದ ತಾನಾಗಿ ಕಳಚಿಕೊಂಡರೆ ಆಯಿತು. ಥರ್ಮಾಮೀಟರ್ ಇದ್ದರೆ ಅದೇ ಜಾಗದಲ್ಲಿ 63 ಡಿಗ್ರಿ. ಹೊರಗೆ ತೆಗೆದ ಮೇಲೂ ಒಳಗಿನ ಬಿಸಿಯಲ್ಲಿ ಸ್ವಲ್ಪ ಬೇಯುತ್ತಲೇ ಇರುತ್ತದೆ, ಅದಕ್ಕೇ ಇನ್ನೊಂದು ಐದು ನಿಮಿಷ ಇರಲಿ ಅನ್ನುವ ಆಸೆ ಬೇಡ.

ಬಾಳೆಲೆ ಸಿಕ್ಕಿದರೆ ಅದರಲ್ಲೂ ಮಾಡಿ ನೋಡಿ, ನನಗೆ ಇದೇ ಹೆಚ್ಚು ಇಷ್ಟ. ಎಲೆಯನ್ನು ಗ್ಯಾಸ್ ಉರಿ ಮೇಲೆ ನಿಧಾನಕ್ಕೆ ಆಡಿಸಿದರೆ ಬಣ್ಣ ಕಡು ಹಸಿರಾಗಿ, ಮೈ ಮಿಂಚಿ ಮೆತ್ತಗಾಗುತ್ತದೆ, ಆಮೇಲೆ ಮಡಿಸಿದರೆ ಹರಿಯುವುದಿಲ್ಲ. ಒಂದೊಂದು ಮೀನಿಗೆ ಒಂದೊಂದು ಎಲೆ, ಒಳಗೆ ಒಂದು ಎಸಳು ಕರಿಬೇವು. ಇದಕ್ಕೆ 20 ನಿಮಿಷ ಬೇಕು, ಕೊನೆಯ ಐದು ನಿಮಿಷ ಎಲೆ ಬಿಚ್ಚಿ ಮೇಲಿನ ರಾಡ್ ಮಾತ್ರ ಉರಿಸಿ. ಎಲೆ ಇಲ್ಲ ಅಂತ ಮೀನನ್ನು ನೇರವಾಗಿ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಬೇಡಿ. ಹುಣಸೆಹುಳಿ, ಉಪ್ಪು ಎರಡೂ ಫಾಯಿಲನ್ನು ತಿನ್ನುತ್ತವೆ, ಮಧ್ಯೆ ಒಂದು ಬೇಕಿಂಗ್ ಪೇಪರ್ ಇರಲಿ.

ಬಂಗುಡೆ ಬದಲು ಮಾಂಜಿ (ಪಾಂಫ್ರೆಟ್) ಆದರೆ ಇದೇ ಸಮಯ ಸಾಕು. ಅಂಜಲ್ (ಸುರ್ಮಯಿ) ತುಂಡು ಒಂದು ಇಂಚು ದಪ್ಪ ಇದ್ದರೆ 12 ನಿಮಿಷ ಸಾಕು. ಅಂಜಲ್‌ನಲ್ಲಿ ಬಂಗುಡೆಯಷ್ಟು ಎಣ್ಣೆ ಇಲ್ಲ, ಬೇಗ ಒಣಗುತ್ತದೆ, ಮೇಲೆ ಇನ್ನೊಂದು ಚಮಚ ಎಣ್ಣೆ ಹಾಕಿ.

ಜೊತೆಗೆ ಕುಚ್ಚಲಕ್ಕಿ ಅನ್ನ, ತಿಳಿ ಸಾರು, ಹಸಿ ಈರುಳ್ಳಿ ಇದ್ದರೆ ಊಟ ಆಯಿತು. ಮೀನು ಉಳಿದರೆ ಮತ್ತೆ ಓವನ್‌ಗೆ ಹಾಕಬೇಡಿ. ಮುಳ್ಳು ತೆಗೆದು ಡಬ್ಬಿಯಲ್ಲಿ ಫ್ರಿಜ್‌ಗೆ ಇಟ್ಟು, ಬೆಳಗ್ಗೆ ಬಾಣಲೆಯಲ್ಲಿ ತೆಂಗಿನೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಒಂದು ಹಿಡಿ ಕಾಯಿತುರಿ ಜೊತೆ ಹಬೆ ಏಳುವಷ್ಟು ಬಿಸಿ ಮಾಡಿದರೆ ಗಂಜಿಗೆ ಬಹಳ ಚೆನ್ನಾಗಿರುತ್ತದೆ.