43 ಫೈಲುಗಳ ‘ಸ್ವಲ್ಪ ಕ್ಲೀನಪ್’

ಕೋಡಿನ ಇತಿಹಾಸ ಇಡುವ ಗಿಟ್ ಎಂಬ ಸಾಧನದಲ್ಲಿ ಬದಲಾವಣೆಗಳ ಒಂದು ಕಂತನ್ನು ಉಳಿಸಿದರೆ ಅದು ಕಮಿಟ್, ಜೊತೆಗೆ ಬರೆಯುವ ಟಿಪ್ಪಣಿ ಕಮಿಟ್ ಮೆಸೇಜ್. ನಾನು ಬರೆದ ಕಮಿಟ್ ಮೆಸೇಜುಗಳಲ್ಲಿ ಅತ್ಯಂತ ಕೆಟ್ಟದ್ದು ‘ಸ್ವಲ್ಪ ಕ್ಲೀನಪ್’. ಆ ಒಂದು ಕಮಿಟ್‌ನಲ್ಲಿ 43 ಫೈಲುಗಳನ್ನು ಮುಟ್ಟಿದ್ದೆ.

ಒಂದು ರಿಪೋರ್ಟ್ ಸ್ಕ್ರೀನ್ ಇತ್ತು. ಸಾಲುಗಳು ನಂಬರ್ ಪ್ರಕಾರ ಬರಬೇಕು. ಬರುತ್ತಲೂ ಇದ್ದವು. ಒಂದು ದಿನ ದೂರು ಬಂತು: 1 ಆದಮೇಲೆ 10, ಆಮೇಲೆ 2 ಬರುತ್ತಿದೆ. ನನ್ನ ಮೆಷಿನ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಇರದೆ ಏನು, ನನ್ನ ಟೆಸ್ಟ್ ಡೇಟಾದಲ್ಲಿ ಇದ್ದದ್ದೇ ಆರು ಸಾಲು. ಹತ್ತು ಮುಟ್ಟಿದರೆ ತಾನೇ ತಪ್ಪು ಕಾಣುವುದು!

ಅರ್ಧ ದಿನ ಸುಮ್ನೆ ಕೋಡ್ ಓದಿದೆ. ಡೇಟಾಬೇಸ್ ಕ್ವೆರಿ ಮೇಲೆ ಅನುಮಾನಪಟ್ಟೆ, ಬ್ರೌಸರ್ ಕ್ಯಾಷನ್ನೂ ಬೈದೆ. ಗಿಟ್ ಬ್ಲೇಮ್ ಹಾಕಿದೆ. ಏನೂ ಸಿಗಲಿಲ್ಲ. ಬ್ಲೇಮ್ ತೋರಿಸುವುದು ಈಗ ಇರುವ ಸಾಲನ್ನು ಯಾರು ಬರೆದರು ಎಂಬುದನ್ನು. ಅಳಿಸಿಹೋದ ಸಾಲಿನ ಬಗ್ಗೆ ಅದಕ್ಕೆ ಬಾಯಿಲ್ಲ. ಕೊನೆಗೆ ಟೀಮಿನ ಹಿರಿಯರೊಬ್ಬರು, "ಮೂರು ತಿಂಗಳ ಹಿಂದೆ ಸರಿ ಇತ್ತು ಅಂತೀರಲ್ಲ, ಬೈಸೆಕ್ಟ್ ಮಾಡಿ ನೋಡಿ" ಅಂದರು.

ವರ್ಷಗಟ್ಟಲೆ ಗಿಟ್ ಬಳಸಿದ್ದೆ, ಬೈಸೆಕ್ಟ್ ಮಾತ್ರ ಮುಟ್ಟಿರಲಿಲ್ಲ. ಸರಿಯಿದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ಹೇಳಬೇಕು. ಅದು ನಡುವಿನದನ್ನು ತೆಗೆದು ಮುಂದಿಡುತ್ತದೆ. ಓಡಿಸಿ ನೋಡಿ, ‘ಗುಡ್’ ಅಥವಾ ‘ಬ್ಯಾಡ್’ ಎಂದರೆ ಆಯಿತು, ಅರ್ಧ ಪಟ್ಟಿ ಹೋಯಿತು. ನನ್ನ ಮುಂದೆ ಸುಮಾರು 700 ಕಮಿಟ್ ಇದ್ದವು. ಹತ್ತು ಸಲಕ್ಕೆ ಮುಗಿಯುವ ಲೆಕ್ಕ. ಹನ್ನೆರಡು ಸಾಲಿನ ಡೇಟಾ ಹಾಕಿಕೊಂಡು ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿಬಿದ್ದ. ನೋಡಿದರೆ ನನ್ನದೇ ಹೆಸರು. ‘ಸ್ವಲ್ಪ ಕ್ಲೀನಪ್’.

ಅಸಲಿ ಪಾಡು ಶುರುವಾದದ್ದು ಅಲ್ಲಿಂದ. ಡಬಲ್ ಕೋಟುಗಳನ್ನೆಲ್ಲ ಸಿಂಗಲ್ ಮಾಡಿದ್ದೆ, ಇಂಡೆಂಟ್ ಬದಲಿಸಿದ್ದೆ, ಜೊತೆಗೆ ಫೈಲುಗಳನ್ನು ಬೇರೆ ಫೋಲ್ಡರಿಗೂ ಸಾಗಿಸಿದ್ದೆ. ಫೈಲಿನ ಜಾಗವೂ ಬದಲಾಗಿ, ಒಳಗಿನ ಅರ್ಧಕ್ಕಿಂತ ಜಾಸ್ತಿ ಸಾಲುಗಳೂ ಬದಲಾದರೆ ಗಿಟ್ ಸಾಮಾನ್ಯವಾಗಿ ಅದನ್ನು ಅದೇ ಫೈಲ್ ಎಂದು ಗುರುತಿಸುವುದಿಲ್ಲ. ಒಂದು ಅಳಿಸಿದ ಫೈಲ್, ಒಂದು ಹೊಸ ಫೈಲ್ ಎಂದು ತೋರಿಸುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣಲ್ಲೇ ಹೋಲಿಸುತ್ತಾ ಎರಡು ಗಂಟೆ ಕೂತೆ. ಆಮೇಲೆ ಸಿಕ್ಕಿತು: ಸಾಲುಗಳನ್ನು ಕ್ರಮಕ್ಕೆ ತರುವ ಸಾರ್ಟ್ ಕರೆಯುವ ಜಾಗದಲ್ಲಿ, ಎರಡು ನಂಬರ್ ಹೋಲಿಸುವ ‘ಎ ಮೈನಸ್ ಬಿ’ ಎಂಬ ಪುಟ್ಟ ಫಂಕ್ಷನ್ ಮಾಯ. ನಂಬರ್ ತಾನೇ, ಇದೇಕೆ ಬೇಕು ಅಂತ ನಾನೇ ಕಿತ್ತುಹಾಕಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ ಹೇಗೆ ಹೋಲಿಸಬೇಕೆಂದು ಹೇಳದಿದ್ದರೆ ಸಾರ್ಟ್ ಎಲ್ಲವನ್ನೂ ಅಕ್ಷರಗಳ ಸಾಲಿನಂತೆ ನೋಡುತ್ತದೆ. 10ರ ಮೊದಲ ಅಕ್ಷರ 1, ಹಾಗಾಗಿ ಅದು 2ಕ್ಕಿಂತ ಮುಂದೆ.

ಅಂದಿನಿಂದ ಕೆಲಸದ ರೀತಿ ಬದಲಾಯಿತು. ಕಮಿಟ್ ಮಾಡುವ ಮುಂಚೆ ಬದಲಾವಣೆಗಳನ್ನು ಆರಿಸಿ ಸೇರಿಸುವ ‘ಗಿಟ್ ಆಡ್’ ಅನ್ನು ಈಗ ಪ್ಯಾಚ್ ಆಯ್ಕೆ ಇಲ್ಲದೆ ಓಡಿಸುವುದೇ ಇಲ್ಲ. ಅದು ತುಣುಕು ತುಣುಕಾಗಿ ತೋರಿಸಿ, ಇದು ಬೇಕಾ ಎಂದು ಕೇಳುತ್ತದೆ. ಮರೆತು ಬಿಟ್ಟ ಡೀಬಗ್ ಸಾಲುಗಳು ಅಲ್ಲೇ ಸಿಗುತ್ತವೆ. ಫೈಲ್ ಸಾಗಿಸುವುದು ಒಂದು ಕಮಿಟ್, ಫಾರ್ಮ್ಯಾಟಿಂಗ್ ಇನ್ನೊಂದು, ನಡವಳಿಕೆ ಬದಲಿಸುವ ಕೋಡ್ ಮತ್ತೊಂದು. ಫಾರ್ಮ್ಯಾಟಿಂಗ್ ಕಮಿಟ್‌ನ ಹ್ಯಾಷನ್ನು, ಅಂದರೆ ಅದರ ಗುರುತಿನ ಸಂಕೇತವನ್ನು, ಒಂದು ಫೈಲಿನಲ್ಲಿ ಬರೆದಿಡುತ್ತೇನೆ. 2019ರಲ್ಲಿ ಬಂದ ಗಿಟ್ 2.23ರಿಂದ ಬ್ಲೇಮ್‌ಗೆ ಆ ಫೈಲ್ ಕೊಟ್ಟರೆ ಅಂಥ ಕಮಿಟ್‌ಗಳನ್ನು ದಾಟಿ ಹಿಂದಿನದನ್ನು ತೋರಿಸುತ್ತದೆ. ಮೆಸೇಜಿನಲ್ಲಿ ಏನು ಮಾಡಿದೆ ಎನ್ನುವುದಕ್ಕಿಂತ ಯಾಕೆ ಮಾಡಿದೆ ಎಂದು ಬರೆಯುತ್ತೇನೆ. ಏನು ಎಂಬುದು, ಬದಲಾದ ಸಾಲುಗಳನ್ನು ತೋರಿಸುವ ಡಿಫ್‌ನಲ್ಲೇ ಇದೆ ಅಲ್ವಾ? ಆ ಬಗ್ ಸರಿಪಡಿಸಿದ ಕಮಿಟ್‌ನ ಮೆಸೇಜ್ ಹೀಗಿದೆ: ‘ಸಾಲುಗಳನ್ನು ಸಂಖ್ಯೆಯಾಗಿಯೇ ಹೋಲಿಸು, ಇಲ್ಲದಿದ್ದರೆ 2ಕ್ಕಿಂತ ಮೊದಲು 10 ಬರುತ್ತದೆ’. ಜೊತೆಗೆ ಹನ್ನೆರಡು ಸಾಲಿನ ಒಂದು ಟೆಸ್ಟ್.

ಈಗ ಬೈಸೆಕ್ಟನ್ನು ಕೈಯಾರೆ ಮಾಡುವುದೂ ಕಡಿಮೆ. ‘ಬೈಸೆಕ್ಟ್ ರನ್’ಗೆ ಒಂದು ಸ್ಕ್ರಿಪ್ಟ್ ಕೊಟ್ಟುಬಿಟ್ಟರೆ ತಾನೇ ಓಡುತ್ತದೆ. ಸ್ಕ್ರಿಪ್ಟ್ 0 ಕೊಟ್ಟರೆ ಸರಿ, 1 ಕೊಟ್ಟರೆ ತಪ್ಪು, 125 ಕೊಟ್ಟರೆ ಇದನ್ನು ಬಿಟ್ಟು ಮುಂದೆ ಹೋಗು ಎಂದರ್ಥ. ಬಿಲ್ಡ್ ಆಗದ ಕಮಿಟ್‌ಗಳು ಜಾಸ್ತಿ ಇದ್ದರೆ ಮಾತ್ರ ಇದು ಎಡವುತ್ತದೆ. ಅದಕ್ಕೇ ಅರೆಬರೆ ಕೋಡನ್ನು ಮೇನ್ ಬ್ರಾಂಚಿಗೆ, ಅಂದರೆ ಕೋಡಿನ ಮುಖ್ಯ ಕವಲಿಗೆ, ಸೇರಿಸಲು ನಾನು ಬಿಡುವುದಿಲ್ಲ.

ಕೋಡ್ ಬರೆಯುವ ಎಡಿಟರುಗಳಲ್ಲಿ ವಿಮ್ ಒಳ್ಳೆಯದೋ ವಿಎಸ್ ಕೋಡ್ ಒಳ್ಳೆಯದೋ ಎಂಬ ವಾದದಲ್ಲಿ ನನಗೆ ಆಸಕ್ತಿ ಹೋಗಿದೆ. ಕೈಗೆ ಒಗ್ಗಿದ್ದು ಬಳಸಿ. ಎಐ ಸಹಾಯಕನನ್ನೂ ಬಳಸುತ್ತೇನೆ. ಆದರೆ ಕಣ್ಣು ತಪ್ಪಿದರೆ ಅದು ಕೇಳಿದ್ದರ ಜೊತೆ ಕೇಳದ್ದನ್ನೂ ಬದಲಿಸಿ ಇಡುತ್ತದೆ. ನನ್ನ ಹಳೇ ಅವತಾರವನ್ನೇ ನೋಡಿದ ಹಾಗಾಗುತ್ತದೆ. ಅದಕ್ಕೂ ಪ್ಯಾಚ್ ಆಯ್ಕೆಯೇ ಮದ್ದು.

ಟೀಮಿನಲ್ಲಿ ಇನ್ನೂ ಮುಗಿಯದ ಜಗಳ ಸ್ಕ್ವಾಷ್‌ನದ್ದು. ಇಡೀ ಬ್ರಾಂಚನ್ನು ಒಂದೇ ಕಮಿಟ್ ಮಾಡಿ ಸೇರಿಸಿದರೆ ಇತಿಹಾಸ ಚೊಕ್ಕವಾಗಿರುತ್ತದೆ ಎಂಬುದು ಕೆಲವರ ಮಾತು. ಚೊಕ್ಕ ಇರುತ್ತದೆ ನಿಜ. ಆದರೆ ಬೈಸೆಕ್ಟ್ ಆಗ ಬಂದು ನಿಲ್ಲುವುದು ಮತ್ತೆ 43 ಫೈಲುಗಳ ಮುಂದೆ. ಸದ್ಯಕ್ಕೆ ಒಂದೆರಡು ದಿನದ ಚಿಕ್ಕ ಬ್ರಾಂಚ್ ಆದರೆ ಸ್ಕ್ವಾಷ್, ದೊಡ್ಡದಾದರೆ ಬೇಡ ಎಂಬಲ್ಲಿಗೆ ಬಂದು ನಿಂತಿದ್ದೇವೆ. ‘ದೊಡ್ಡದು’ ಅಂದರೆ ಎಷ್ಟು ಎಂಬುದರ ಮೇಲೆ ಹೋದ ವಾರವೂ ಮಾತಿಗೆ ಮಾತು ಬೆಳೆಯಿತು.