ವೈರಸ್ ಆಮೇಲೆ, ಮೊದಲು ಟ್ಯಾಗ್ ಎಲ್ಲಿ ಅಂತ ನೋಡಿ

ಮನುಷ್ಯರ ಇಜಿಎಫ್‌ಆರ್ ಎಂಬ ರಿಸೆಪ್ಟರ್ ಕೈನೇಸನ್ನು (ಕೋಶದ ಪೊರೆಯಲ್ಲಿ ಕೂತು, ಹೊರಗಿನ ಇಜಿಎಫ್ ಎಂಬ ಬೆಳವಣಿಗೆಯ ಸಂಕೇತವನ್ನು ಒಳಗೆ ದಾಟಿಸುವ ಪ್ರೋಟೀನ್) ಸಿಎಚ್‌ಓ ಕೋಶಗಳಲ್ಲಿ ಕಾಯಂ ಆಗಿ ಕೂರಿಸಬೇಕಿತ್ತು. ಇವು ಹ್ಯಾಮ್‌ಸ್ಟರ್ ಕೋಶಗಳು. ಇವಕ್ಕೆ ಸ್ವಂತ ಇಜಿಎಫ್‌ಆರ್ ಇಲ್ಲವೆಂದೇ ಹೇಳಬಹುದು, ಹಾಗಾಗಿ ನಾವು ಹಾಕಿದ್ದು ಮಾತ್ರ ಕಾಣುತ್ತದೆ. ಕಾಸರಗೋಡಿನ ನಮ್ಮ ಲ್ಯಾಬಿಗೆ ತಯಾರಾದ ವೈರಸ್ ತರಿಸಿದರೆ ಅದು ಡ್ರೈ ಐಸ್‌ನಲ್ಲೇ ಬರಬೇಕು, ದುಡ್ಡೂ ಜಾಸ್ತಿ. ಹಾಗಾಗಿ ಜೀನನ್ನು ಹೊತ್ತೊಯ್ದು ಕೋಶದ ಡಿಎನ್‌ಎಗೆ ಸೇರಿಸುವ ಲೆಂಟಿವೈರಸ್ ಕಣಗಳನ್ನು ನಾವೇ ಮಾಡಿಕೊಂಡೆವು.

ಕುಂಬಳೆ ಕಡೆಯ ಜೂನಿಯರ್ ಹುಡುಗಿ ಕೇಳಿದಳು, "ಅಕ್ಕಾ, ಫ್ಲ್ಯಾಗ್ ಟ್ಯಾಗನ್ನು ಸುಮ್ನೆ ಜೀನಿನ ಮುಂದೆ ಅಂಟಿಸಿದ್ರೆ ಆಗುದಿಲ್ವಾ?" ಆಗುವುದಿಲ್ಲ. ಫ್ಲ್ಯಾಗ್ ಟ್ಯಾಗ್ ಅಂದರೆ ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಪತ್ತೆಹಚ್ಚಲು ಅಂಟಿಸುವ ಚಿಕ್ಕ ಗುರುತು. ಇಜಿಎಫ್‌ಆರ್‌ನ ಮೊದಲ 24 ಅಮೈನೋ ಆಮ್ಲಗಳು ಸಿಗ್ನಲ್ ಪೆಪ್ಟೈಡ್. ಅದು ಪ್ರೋಟೀನನ್ನು ಪೊರೆಯ ದಾರಿಗೆ ಹಚ್ಚಿದ ಮೇಲೆ ಕೋಶ ಆ ಪೆಪ್ಟೈಡನ್ನು ಕತ್ತರಿಸಿ ಬಿಸಾಡುತ್ತದೆ. ಟ್ಯಾಗ್ ಅದಕ್ಕಿಂತ ಮುಂದಿದ್ದರೆ ಅದೂ ಜೊತೆಗೇ ಹೋಯಿತು. ಹಾಗಾಗಿ 24ರ ನಂತರವೇ ಇಟ್ಟೆವು. ಬಾಲದ ಕಡೆ ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನ್ ಕೂಡಿಸುವವರು ಬೇಕಾದಷ್ಟು ಜನ ಇದ್ದಾರೆ, ಅದೂ ನಡೆಯುತ್ತದೆ. ಆದರೆ ರಿಸೆಪ್ಟರ್ ಚುರುಕಾದಾಗ ಫಾಸ್ಫೇಟ್ ಕೂರುವ ಟೈರೋಸಿನ್‌ಗಳು ಇರುವುದು ಆ ಬಾಲದಲ್ಲೇ. ಅದನ್ನು ಮುಟ್ಟದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫ್ಲ್ಯಾಗ್ ಬರೀ 8 ಅಮೈನೋ ಆಮ್ಲ. ಮೇಲಾಗಿ ಟ್ಯಾಗ್ ಕೋಶದ ಹೊರಗಡೆ ಇದ್ದರೆ, ಪೊರೆಗೆ ತೂತು ಮಾಡದೆ ಆ್ಯಂಟಿಬಾಡಿ ಹಾಕಿ ಹೊರಮೈಗೆ ಬಂದ ರಿಸೆಪ್ಟರನ್ನಷ್ಟೇ ನೋಡಬಹುದು.

ಜೀನಿನ ಅಳತೆಯನ್ನೂ ನೋಡಿಕೊಳ್ಳಿ. ಇಜಿಎಫ್‌ಆರ್ ಸುಮಾರು 3.6 ಕಿಲೋಬೇಸ್, ಅಂದರೆ 3,600 ಡಿಎನ್‌ಎ ಅಕ್ಷರ. ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಭಾಗ), ಪ್ಯೂರೋಮೈಸಿನ್ ಔಷಧವನ್ನು ತಡೆದುಕೊಳ್ಳುವ ಜೀನ್ ಎಲ್ಲ ಸೇರಿದರೂ ವೈರಸ್ ಹೊರುವಷ್ಟರೊಳಗೇ ಇರುತ್ತದೆ. ಆದರೆ ಕಟ್ಟು ದೊಡ್ಡದಾದಷ್ಟೂ ಟೈಟರ್, ಅಂದರೆ ಮಿಲಿಲೀಟರಿಗೆ ಸಿಗುವ ಕೆಲಸ ಮಾಡುವ ವೈರಸ್ ಕಣಗಳ ಲೆಕ್ಕ, ಇಳಿಯುತ್ತದೆ. ಇದನ್ನೆಲ್ಲ ಹೊತ್ತ ಪ್ಲಾಸ್ಮಿಡ್ಡನ್ನು (ಉಂಗುರದಂಥ ಡಿಎನ್‌ಎ) ಎಸ್‌ಟಿಬಿಎಲ್3 ಬ್ಯಾಕ್ಟೀರಿಯಾದಲ್ಲಿ 30 ಡಿಗ್ರಿಯಲ್ಲಿ ಬೆಳೆಸಿದೆವು. ಇಲ್ಲದಿದ್ದರೆ ಎರಡು ತುದಿಯ ಎಲ್‌ಟಿಆರ್‌ಗಳು (ಒಂದನ್ನೊಂದು ಹೋಲುವ ಡಿಎನ್‌ಎ ತುಂಡುಗಳು) ಒಂದಕ್ಕೊಂದು ಸೇರಿ ನಡುವಿನದು ಹಾರಿಹೋಗುವ ಭಯ.

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ. ವೈರಸ್ ತಯಾರಿಸುವ ಎಚ್‌ಇಕೆ 293ಟಿ ಕೋಶಗಳಿಗೆ ನಮ್ಮ ಪ್ಲಾಸ್ಮಿಡ್ ಜೊತೆ, ಕಣದ ಒಳಭಾಗ ಮತ್ತು ಹೊರಪೊರೆಯ ಪ್ರೋಟೀನ್ ಕೊಡುವ ಪಿಎಸ್‌ಪ್ಯಾಕ್ಸ್2 ಮತ್ತು ಪಿಎಂಡಿ2.ಜಿ ಪ್ಲಾಸ್ಮಿಡ್‌ಗಳನ್ನು, ಡಿಎನ್‌ಎಯನ್ನು ಕೋಶದೊಳಗೆ ಸೇರಿಸುವ ಪಿಇಐ ಬಳಸಿ ಹಾಕಿದೆವು. 48 ಮತ್ತು 72 ಗಂಟೆಗೆ ಮೀಡಿಯಂ ತೆಗೆದು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದೆವು. ನೈಟ್ರೋಸೆಲ್ಯುಲೋಸ್ ಫಿಲ್ಟರ್ ಬೇಡ, ವೈರಸ್ ಅದಕ್ಕೆ ಅಂಟಿಕೊಳ್ಳುತ್ತದೆ. ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ಕ್ಕೆ ಹಾಕಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೂ ಟೈಟರ್ ಬೀಳುತ್ತದೆ. ನಮ್ಮೂರ ಮಳೆಗಾಲದ ಕರೆಂಟು ಗೊತ್ತಲ್ವಾ, ಫ್ರೀಜರ್ ಜನರೇಟರ್ ಲೈನಿನಲ್ಲಿದೆಯಾ ಅಂತ ಮೊದಲೇ ವಿಚಾರಿಸಿ.

ವೈರಸ್ ಜಾಸ್ತಿ ಸುರಿದರೆ ಒಳ್ಳೆಯದು ಅಂದುಕೊಳ್ಳಬೇಡಿ. ಇಜಿಎಫ್‌ಆರ್ ಅತಿಯಾದರೆ ಇಜಿಎಫ್ ಇಲ್ಲದೆಯೂ ತನ್ನಷ್ಟಕ್ಕೆ ಚುರುಕಾಗುತ್ತದೆ. ಎಂಓಐಯನ್ನು (ಒಂದು ಕೋಶಕ್ಕೆ ಎಷ್ಟು ವೈರಸ್ ಕಣ ಅನ್ನುವ ಲೆಕ್ಕ) 0.3ರ ಹತ್ತಿರ ಇಟ್ಟರೆ ಲೆಕ್ಕದ ಪ್ರಕಾರ ನೂರರಲ್ಲಿ 26 ಕೋಶಗಳಿಗೆ ಮಾತ್ರ ವೈರಸ್ ತಗಲುತ್ತದೆ, ಅವುಗಳಲ್ಲೂ ಹೆಚ್ಚಿನವಕ್ಕೆ ಒಂದೇ ಪ್ರತಿ. ವೈರಸ್ ತಗಲದವನ್ನು ಪ್ಯೂರೋಮೈಸಿನ್ ಕೊಂದು ತೆಗೆಯುತ್ತದೆ. ಟೈಟರನ್ನು ಪಿ24 ಎಲೈಸಾ (ಪಿ24 ಎಂಬ ವೈರಸ್ ಪ್ರೋಟೀನನ್ನು ಅಳೆಯುವ ಪರೀಕ್ಷೆ) ಒಂದನ್ನೇ ನಂಬಿ ಹೇಳಬೇಡಿ, ಅದು ಖಾಲಿ ಕಣಗಳನ್ನೂ ಎಣಿಸುತ್ತದೆ.

ಕ್ಯಾನ್ಸರಿಗೆ ನಂಟಿರುವ ಜೀನ್, ಮನುಷ್ಯರ ಕೋಶಕ್ಕೂ ನುಗ್ಗುವ ಕಣ. ಬಯೋಸೇಫ್ಟಿ ಕಮಿಟಿಯ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ವೈರಸ್ ಕೆಲಸ ಮಾಡುವ ಸುರಕ್ಷಿತ ಪೆಟ್ಟಿಗೆಯಾದ ಹುಡ್‌ನೊಳಗೆ ಸೂಜಿ, ಗಾಜು ಬೇಡವೇ ಬೇಡ.

ಕೊನೆಗೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ನೋಡುವ ಪರೀಕ್ಷೆ) 170 ಕಿಲೋಡಾಲ್ಟನ್ ಹತ್ತಿರ ಫ್ಲ್ಯಾಗ್ ಬ್ಯಾಂಡ್ ಸಿಕ್ಕಿತು. ಇಜಿಎಫ್ ಹಾಕಿದಾಗ ಫಾಸ್ಫೇಟ್ ಕೂತ ರಿಸೆಪ್ಟರ್ ತೋರಿಸುವ ಫಾಸ್ಫೋ ಬ್ಯಾಂಡ್ ಏರಿತು, ಹಾಕದಾಗ ಇಲ್ಲ. ಇಜಿಎಫ್‌ಆರ್ ಜೀನ್ ಇಲ್ಲದ ಖಾಲಿ ವೆಕ್ಟರಿನ ವೈರಸ್ ಕೊಟ್ಟ ಕೋಶಗಳಲ್ಲಿ ಎರಡೂ ಕಾಣಲಿಲ್ಲ.