ಬೇರೆಯವರ ಮನೆಯಲ್ಲಿ ಹೆಡ್‌ಸೆಟ್ ಹಾಕಿಕೊಳ್ಳುವುದು

ಮನೆಗಳ ಒಳಗಿನ ಕೆಲಸ, ಅದರಲ್ಲೂ ಅಡುಗೆಮನೆ ಮಾಡಿಕೊಡುವುದು ನನ್ನ ವೃತ್ತಿ. ಪ್ಲಾನ್ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಕಟ್ಟೆ ತಮ್ಮ ಸೊಂಟದವರೆಗೆ ಬರುತ್ತದೋ ಇಲ್ಲವೋ ಅಂತ ಕಾಗದದಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ಮೆಟಾ ಕ್ವೆಸ್ಟ್ 3 ಅನ್ನುವ, ಕಣ್ಣು ಮುಚ್ಚುವಂತೆ ತಲೆಗೆ ಕಟ್ಟಿಕೊಳ್ಳುವ, ಒಳಗೆ ಪರದೆಯಿರುವ ಹೆಡ್‌ಸೆಟ್ ಬಳಸಲು ಶುರುಮಾಡಿದೆ. 515 ಗ್ರಾಂ ತೂಕ. ಮುಂದಿನ ಕ್ಯಾಮೆರಾಗಳು ಎದುರಿನ ಕೋಣೆಯನ್ನು ಬಣ್ಣದಲ್ಲೇ ತೋರಿಸುತ್ತವೆ. ಅದರೊಳಗೆ ನನ್ನ ಕಟ್ಟೆ, ಕಪಾಟು ನಿಜವಾದ ಅಳತೆಯಲ್ಲಿ ಬಂದು ನಿಲ್ಲುತ್ತವೆ.

ಯಂತ್ರ ಬೇಗ ಕೈಗೆ ಹತ್ತಿತು. ಜನರ ಎದುರು ಹಾಕಿಕೊಳ್ಳುವುದಕ್ಕೇ ಜಾಸ್ತಿ ಯೋಚನೆ ಮಾಡಬೇಕಾಯಿತು. ನನಗೆ ಅವರು ಕಾಣುತ್ತಾರೆ, ಅವರಿಗೆ ನನ್ನ ಕಣ್ಣು ಕಾಣುವುದಿಲ್ಲ. ಮನೆಯ ಹೆಂಗಸರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಹೋಗುತ್ತಾರೆ. "ಇದ್ರಲ್ಲಿ ವಿಡಿಯೋ ಆಗ್ತಿದ್ಯಾ?" ಅಂತ ಕೆಲವರು ಕೇಳಿಯೇಬಿಡುತ್ತಾರೆ. ನ್ಯಾಯವಾದ ಪ್ರಶ್ನೆ. ಗೂಗಲ್ ಗ್ಲಾಸ್ ಅನ್ನುವ ಕ್ಯಾಮೆರಾ ಇದ್ದ ಕನ್ನಡಕ 2013ರಲ್ಲಿ ಜನರ ಕೈಗೆ ಬಂದಾಗಲೂ ಎದ್ದದ್ದು ಇದೇ ಅನುಮಾನ. 2015ರ ಜನವರಿಯಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು.

ಹಾಗಾಗಿ ನಾನು ನೋಡುವುದನ್ನು ಎಲ್ಲರೂ ನೋಡಲಿ ಅಂತ ತೀರ್ಮಾನಿಸಿದೆ. ಹಾಕಿಕೊಳ್ಳುವ ಮೊದಲೇ ಟ್ಯಾಬ್‌ಗೆ ಕಾಸ್ಟ್ ಮಾಡಿ, ಅಂದರೆ ನನಗೆ ಕಾಣುವುದೇ ಅದರಲ್ಲೂ ಕಾಣುವಂತೆ ಮಾಡಿ, ಮನೆಯವರ ಕೈಗೆ ಕೊಡುತ್ತೇನೆ. ಕಟ್ಟುತ್ತಿರುವ ಮನೆಯಲ್ಲಿ ವೈಫೈ ಇರುವುದಿಲ್ಲ, ಫೋನಿನ ಹಾಟ್‌ಸ್ಪಾಟ್ ಸಾಕು. ನಡೆಯುತ್ತಾ ಕ್ಯಾಸೆಟ್ ಕೇಳಲು ಬಂದ 1979ರ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಕೇಳಲು ಎರಡು ಹೆಡ್‌ಫೋನ್ ತೂತುಗಳಿದ್ದವು. ನನಗೆ ಅದು ಬಹಳ ಒಳ್ಳೆಯ ಯೋಚನೆ ಅನಿಸುತ್ತದೆ.

ಆಮೇಲೆ ಹೆಡ್‌ಸೆಟ್ಟನ್ನೇ ಕೊಡುತ್ತೇನೆ, ಮೊದಲು ಮನೆಯ ಹಿರಿಯರಿಗೆ. ಕುಂಕುಮ ಅಂಟುತ್ತದೆ, ಬೆವರು ಹತ್ತುತ್ತದೆ. ಅದಕ್ಕೆ ತೊಳೆಯಬಹುದಾದ ಸಿಲಿಕೋನ್ ಕವರ್ ಹಾಕಿಸಿದ್ದೇನೆ. ಮಲ್ಲಿಗೆ ಮುಡಿದವರಿಗೆ ಪಟ್ಟಿಯನ್ನು ಸಡಿಲ ಮಾಡಬೇಕು. ತಲೆ ಸುತ್ತಿದರೆ ಅಂತ ಪಕ್ಕದಲ್ಲೇ ಕುರ್ಚಿ. ಒಬ್ಬ ಅಜ್ಜಿ ಇಲ್ಲದ ಕಟ್ಟೆಯ ಮೇಲೆ ಕೈಯಿಟ್ಟು, "ಇನ್ನೂ ಸ್ವಲ್ಪ ತಗ್ಗಿಸಪ್ಪ, ರೊಟ್ಟಿ ತಟ್ಟೋಕೆ ತೋಳು ನೋಯುತ್ತೆ" ಅಂದರು. ಅಲ್ಲೇ ತಗ್ಗಿಸಿದೆ. ಮೇಸ್ತ್ರಿ ಕಲ್ಲು ಕೂರಿಸುವ ಮೊದಲೇ ಈ ಮಾತು ಬಂತಲ್ಲ, ಅದಕ್ಕಿಂತ ಇನ್ನೇನು ಬೇಕು?

ಯಾರಾದರೂ ಮಾತಾಡಿಸಿದರೆ ತೆಗೆದುಬಿಡುತ್ತೇನೆ. ಆಪಲ್ 2024ರಲ್ಲಿ ತಂದ ವಿಷನ್ ಪ್ರೋ ಹೆಡ್‌ಸೆಟ್ ಹೊರಗಿನ ಪರದೆಯಲ್ಲಿ ಹಾಕಿಕೊಂಡವರ ಕಣ್ಣಿನ ಚಿತ್ರ ತೋರಿಸುತ್ತದೆ. ಜಾಣ ಉಪಾಯವೇ. ಆದರೆ ಮುಖ ನೋಡಿ ಮಾತಾಡುವುದಕ್ಕೆ ಅದು ಸಮವಲ್ಲ.

ಕೆಲಸದ ಜಾಗದಲ್ಲಿ ಇದು ಒಗ್ಗಿಹೋಗುತ್ತದೆ ಅಂತ ನನಗೆ ನಂಬಿಕೆಯಿದೆ. ಬೀದಿಯ ಮಾತು ಬೇರೆ. 2025ರಲ್ಲಿ ನಮ್ಮಲ್ಲೂ ಮಾರಾಟಕ್ಕೆ ಬಂದ, ಕ್ಯಾಮೆರಾ ಇರುವ ರೇಬ್ಯಾನ್ ಮೆಟಾ ಮಾಮೂಲಿ ಕನ್ನಡಕದಂತೆಯೇ ಕಾಣುತ್ತದೆ. ರೆಕಾರ್ಡ್ ಆಗುವಾಗ ಒಂದು ಪುಟ್ಟ ದೀಪ ಉರಿಯುತ್ತದೆ ಅಷ್ಟೇ. ಜನ ಅದನ್ನು ಬೇಗ ಒಪ್ಪಬಹುದು, ಆದರೆ ನನಗೆ ಅದರ ಮೇಲೇ ಆತಂಕ ಜಾಸ್ತಿ. ದೊಡ್ಡ ಹೆಡ್‌ಸೆಟ್ ಕಂಡ ಕೂಡಲೇ ಎದುರಿನವರು ಪ್ರಶ್ನೆ ಕೇಳುತ್ತಾರೆ, ಕನ್ನಡಕ ಕಂಡರೆ ಕೇಳುವುದಿಲ್ಲ ಅಲ್ವಾ?

ಬಸ್ಸು, ರೈಲಿನಲ್ಲಿ ನಾನು ಹಾಕುವುದಿಲ್ಲ. ಅಲ್ಲಿ ಎದುರು ಕೂತವರು ನನ್ನನ್ನು ಕೆಲಸಕ್ಕೆ ಕರೆಸಿಕೊಂಡವರಲ್ಲ, ಅವರ ಒಪ್ಪಿಗೆಯನ್ನೂ ನಾನು ಕೇಳಿರುವುದಿಲ್ಲ.